ಕಡ್ಡಿ ತಾಗಿದ ಹೊತ್ತು

ಹೊತ್ತು ಎಣಿಸುವುದು ಹಿಂದಿನಿಂದ ಅಂತ ಎಲ್ಲರಿಗೂ ಹೇಳುತ್ತೇನೆ.
ವಿಮಾನ ಎಷ್ಟು ಗಂಟೆಗೆ? ಅಲ್ಲಿಂದ ಮೂರು ದಿನ ಹಿಂದೆ ಬನ್ನಿ.
ರಿಪೋರ್ಟು ಬಂದ ಹೊತ್ತಲ್ಲ ಮಾರಾಯ್ರೆ,
ಕಡ್ಡಿ ಮೂಗಿಗೆ ತಾಗಿದ ಹೊತ್ತು.
ಅಲ್ಲಿಂದ ಎಪ್ಪತ್ತೆರಡು ಗಂಟೆ ನೀವು ಶುದ್ಧ.
ಆಮೇಲೆ ನೀವು ಯಾರೋ.

ಕಂಕನಾಡಿಯಲ್ಲಿ ಚಿನ್ನದಂಗಡಿಯ ಮೇಲೆ ನಮ್ಮ ಲ್ಯಾಬು,
ಮೆಟ್ಟಿಲುದ್ದಕ್ಕೂ ಕ್ಯೂ.
ದಮ್ಮಾಮಿನವರು, ದೋಹಾದವರು,
ಇಸ್ರೇಲಿನಲ್ಲಿ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ
ವಾಮಂಜೂರಿನ ಬೆನೆಡಿಕ್ಟಾ ಬಾಯಿ,
ಕೈಚೀಲದಲ್ಲಿ ಸಿಗಡಿ ಉಪ್ಪಿನಕಾಯಿ.
ಒಂದೊಂದು ದೇಶಕ್ಕೆ ಒಂದೊಂದು ಲೆಕ್ಕ,
ಕಳೆದ ವಾರ ಇದ್ದದ್ದು ಈ ವಾರ ಇಲ್ಲ.
ರಾಹುಕಾಲ ನೋಡದೆ ನನ್ನ ಅಮ್ಮ
ಕೋಳಿಗೂಡಿನ ಬಾಗಿಲನ್ನೂ ತೆಗೆಯುವವಳಲ್ಲ;
ಮೊದಲು ನನಗೆ ನಗು ಬರುತ್ತಿತ್ತು.

ಬೆಂಗ್ರೆಯ ತಾಹಿರ್ ಬಂದದ್ದು ಮಂಗಳವಾರ,
ಮೊದಲ ಫೆರಿ ಹತ್ತಿ, ಸರಿಯಾಗಿ ಏಳಕ್ಕೆ.
ವೆಲ್ಡಿಂಗ್ ಕೆಲಸ. ಹನ್ನೊಂದು ತಿಂಗಳು ಊರಲ್ಲೇ ಸಿಕ್ಕಿಬಿದ್ದವ.
ವೀಸಾ ಉಳಿದದ್ದು ಶನಿವಾರದವರೆಗೆ,
ವಿಮಾನ ಗುರುವಾರ ರಾತ್ರಿ ಒಂಬತ್ತು ನಲವತ್ತಕ್ಕೆ.
ಇಬ್ಬರೂ ಬೆರಳು ಮಡಚಿ ಎಣಿಸಿದೆವು:
ಒಂಬತ್ತು ಗಂಟೆ ಇಪ್ಪತ್ತು ನಿಮಿಷ ಕೈಯಲ್ಲಿ ಉಳಿಯಿತು.
ಬಾಪ ದೋಣಿ ಬಿಡುವಾಗ ಹೇಳ್ತಿದ್ರು, ಅಂದ,
ಇಳಿತಕ್ಕೆ ಇನ್ನು ಎರಡು ಬೀಡಿ ಉಂಟು ಅಂತ.
ಮೂಗು ಒಡ್ಡಿದ. ಕಣ್ಣಲ್ಲಿ ನೀರು.
ಎಲ್ಲರಿಗೂ ಬರುತ್ತದೆ, ಅದು ಅಳುವಲ್ಲ.

ಗುರುವಾರ ಸಂಜೆ ಆರಕ್ಕೆ ಫೋನು.
ವಿಮಾನ ನಾಳೆಗೆ ಹೋಯಿತು ಅಕ್ಕ, ಬೆಳಿಗ್ಗೆ ಒಂಬತ್ತು ಹತ್ತಕ್ಕೆ.
ಲೆಕ್ಕ ಅವನೇ ಮಾಡಿಟ್ಟಿದ್ದ.
ಎರಡು ಗಂಟೆ ಹತ್ತು ನಿಮಿಷ ಜಾಸ್ತಿ.
ಸ್ವಲ್ಪ ಸುಮ್ಮನಿದ್ದು ಕೇಳಿದ:
ಆ ಏಳನ್ನು ಹತ್ತು ಮಾಡಲಿಕ್ಕೆ ಆಗುತ್ತದಾ?

ಆಗುತ್ತದೆ. ಕಷ್ಟ ಅದೇ.
ಪರದೆಯಲ್ಲಿ ಅವನ ಹೆಸರು, ಪಕ್ಕದಲ್ಲಿ ಆ ಏಳು,
ಎರಡು ಕೀಲಿ ಒತ್ತಿದರೆ ಮುಗಿಯಿತು,
ಯಾರ ಮೂಗಿಗೂ ನೋವಿಲ್ಲ.
ಬೆರಳಿಟ್ಟು ಕೂತೆ.
ನಮ್ಮ ಗೋಡೆ ಗಡಿಯಾರ ಟಿಕ್ ಅನ್ನದ ಜಾತಿಯದು.
ಮಂಗಳವಾರದ ಮೂಗು ಗುರುವಾರದ ಮೂಗಲ್ಲ;
ಮೂರು ದಿನದಲ್ಲಿ ಯಾರ್ಯಾರ ಮನೆಗೆ ಹೇಳಲು ಹೋದನೋ,
ಎಷ್ಟು ಜನ ಅಪ್ಪಿಕೊಂಡರೋ.
ಇದನ್ನೆಲ್ಲ ಅವನಿಗೆ ಹೇಳಲಿಲ್ಲ.
ದಕ್ಕೆಗೆ ಬಾ, ಅಂದೆ.

ಬಂದರಿನ ದಕ್ಕೆಯಲ್ಲಿ ಮಂಜುಗಡ್ಡೆ ಲಾರಿಯ ಲೈಟಿಗೆ ಮುಖ ಎತ್ತಿಸಿ
ಏಳು ಇಪ್ಪತ್ತಕ್ಕೆ ಕಡ್ಡಿ ಹಾಕಿದೆ.
ಎಂತ ಮಾರಾಯ್ರೆ, ಮೀನಿಗೂ ಉಂಟಾ ಟೆಸ್ಟು?
ಕೇಳಿದ ಲಾರಿಯವನೇ ಒಂದು ಹಿಡಿ ಮಂಜುಗಡ್ಡೆ ಕೊಟ್ಟ.
ಡಬ್ಬಿಯನ್ನು ಅದರಲ್ಲಿಟ್ಟು, ಮೆಡಿಕಲ್ಲಿನ ಐವನನ ಸ್ಕೂಟರಿನಲ್ಲಿ
ನೇತ್ರಾವತಿ ದಾಟಿ ದೇರಳಕಟ್ಟೆಗೆ.
ತೊಕ್ಕೊಟ್ಟಿನಲ್ಲಿ ಗಾಡಿಗಳ ಸಾಲು. ಬೈದೆ,
ಯಾರನ್ನು ಅಂತ ಗೊತ್ತಿಲ್ಲ.

ನಾಲ್ಕು ಐವತ್ತಕ್ಕೆ ಬಂತು: ಇಲ್ಲ.
ನಮ್ಮ ಕಸುಬಿನಲ್ಲಿ ಮಾತ್ರ
ಇಲ್ಲ ಅಂದರೆ ಹೋಗಬಹುದು ಅಂತ ಅರ್ಥ.

ಸಂಜೆ ಅಲ್ಲಿಂದ ಮಾತಾಡಿದ.
ಗಂಟೆ ಯಾರೂ ನೋಡಲೇ ಇಲ್ಲ ಅಕ್ಕ.
ಪಾಸ್‌ಪೋರ್ಟಿನ ಹೆಸರಲ್ಲಿ ಒಂದು ಇ, ನಿಮ್ಮ ಕಾಗದದಲ್ಲಿ ಎರಡು,
ಅದಕ್ಕೆ ಬಜ್ಪೆಯಲ್ಲಿ ನಲವತ್ತು ನಿಮಿಷ ನಿಲ್ಲಿಸಿದರು.
ಅವಸರದಲ್ಲಿ ಒತ್ತಿದ್ದು ನಾನೇ.

ಲ್ಯಾಬಿನ ಗಡಿಯಾರ ಐದು ನಿಮಿಷ ಮುಂದೆ,
ಧಣಿಗಳು ಇಟ್ಟದ್ದೇ ಹಾಗೆ.
ಮೂರು ವರ್ಷ ಅದರಡಿ ಕೂತು
ಊರವರ ಹೊತ್ತೆಲ್ಲ ಬರೆದಿದ್ದೇನೆ.
ಆ ದಿನ ಸ್ಟೂಲು ಹತ್ತಿ ಸರಿ ಮಾಡಿದೆ.

ಮೂಡುಶೆಡ್ಡೆಯ ಎಂಟರ ಬಸ್ಸು ತಪ್ಪಿತು.